ಪಕ್ಕದೂರಿನವರ ಜೊತೆ ಆಟವೇ ನಿಂತರೆ ಪ್ಲೇಆಫ್ 24 ತಂಡಕ್ಕೆ ಹಿಗ್ಗಿ ಏನು ಬಂತು?

ಗೋಧಿಗುಡ್ಡ (ಸ್ಪೋಕೇನ್, ವಾಷಿಂಗ್ಟನ್ ರಾಜ್ಯ)

2008ರ ನವೆಂಬರ್ 22ರಂದು ನಾನು ಮೊದಲ ಸಲ ಆ್ಯಪಲ್ ಕಪ್ ನೋಡಿದೆ. ಅದು ನಮ್ಮ ರಾಜ್ಯದ ಎರಡು ವಿಶ್ವವಿದ್ಯಾಲಯಗಳ ನಡುವಿನ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಪುಲ್ಮನ್‌ನಲ್ಲಿ ಎಂಎಸ್ ಓದುತ್ತಿದ್ದ ಕಾಲ ಅದು. ನಮ್ಮ ವಾಷಿಂಗ್ಟನ್ ಸ್ಟೇಟ್ ತಂಡ ಆ ಸೀಸನ್‌ನಲ್ಲಿ ಅದುವರೆಗೆ 11 ಪಂದ್ಯ ಆಡಿ ಗೆದ್ದದ್ದು ಒಂದೇ ಒಂದು. ಎದುರಾಳಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ. ಅವರು 10 ಆಡಿ ಹತ್ತನ್ನೂ ಸೋತಿದ್ದರು. ಅದಕ್ಕಿಂತ ಸೋತು ಸುಣ್ಣವಾದ ಎರಡು ತಂಡಗಳು ದೇಶದಲ್ಲೇ ಇರಲಿಲ್ಲವೇನೋ. ಆದರೂ ನಾನು ನಿಂತಿದ್ದ ಕಡೆ ಕಾಲಿಡಲು ಜಾಗವಿರಲಿಲ್ಲ. ಚಳಿಗೆ ಬೆರಳು ಮರಗಟ್ಟಿ ಚಹಾದ ಲೋಟ ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ. ಕೊನೇ ಗಳಿಗೆಯಲ್ಲಿ ನಮ್ಮ ಕಿಕ್ಕರ್ ಒಂದು ಫೀಲ್ಡ್ ಗೋಲ್ ಹೊಡೆದು ಸ್ಕೋರ್ ಸಮ ಮಾಡಿದ. ಎರಡನೇ ಓವರ್‌ಟೈಮ್‌ನಲ್ಲಿ ಇನ್ನೊಂದು ಹೊಡೆದು ಗೆಲ್ಲಿಸಿದ. 16-13. ಪಕ್ಕದಲ್ಲಿದ್ದ ಅಜ್ಜ ಗೋಧಿ ಬೆಳೆಯುವ ರೈತ. ನನ್ನ ಹೆಸರೂ ಗೊತ್ತಿರದ ಆತ ನನ್ನನ್ನು ಬಿಗಿಯಾಗಿ ತಬ್ಬಿಕೊಂಡು ಅತ್ತ. ನಾನೂ ಅತ್ತೆ.

ಆ ಪಂದ್ಯಕ್ಕೂ ಯಾವ ಚಾಂಪಿಯನ್‌ಷಿಪ್‌ಗೂ ಸಂಬಂಧವಿರಲಿಲ್ಲ. ಅದು ಪಕ್ಕದೂರಿನವರ ಮೇಲಿನ ಗೆಲುವು, ಅಷ್ಟೇ. ಆ ಎರಡು ತಂಡಗಳು 1900ರಿಂದ ಆಡುತ್ತಾ ಬಂದಿವೆ.

ಈಗ ಆಗಿರುವುದೇನು ನೋಡಿ. ನಮ್ಮ ಕಾನ್ಫರೆನ್ಸ್ ಪ್ಯಾಕ್-12 ಹುಟ್ಟಿದ್ದು 1915ರಲ್ಲಿ, ಪೋರ್ಟ್‌ಲೆಂಡ್‌ನ ಒಂದು ಹೋಟೆಲಿನಲ್ಲಿ. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್ಎ ತಂಡಗಳು ತಾವು ಬಿಗ್ ಟೆನ್ ಎಂಬ ಬೇರೆ ಕಾನ್ಫರೆನ್ಸ್‌ಗೆ ಹೋಗುತ್ತೇವೆ ಎಂದವು. ಮರುವರ್ಷ ಜುಲೈನಲ್ಲಿ ಕೊಲರಾಡೊ ಬಿಗ್ 12 ಎಂಬ ಇನ್ನೊಂದು ಕಾನ್ಫರೆನ್ಸ್‌ಗೆ ಹೊರಟಿತು. 2023ರ ಆಗಸ್ಟ್ 4 ಶುಕ್ರವಾರ. ಅವತ್ತು ಒಂದೇ ದಿನ ಐದು ತಂಡಗಳು ಹೋದವು. ಆರೆಗನ್, ವಾಷಿಂಗ್ಟನ್ ಬಿಗ್ ಟೆನ್‌ಗೆ. ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಕ್ಕೆ. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲ್ (ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಎಸಿಸಿಗೆ. ಎಸಿಸಿ ಎಂದರೆ ಅಟ್ಲಾಂಟಿಕ್ ಕರಾವಳಿಯ ಕಾನ್ಫರೆನ್ಸ್. ಈ ಎರಡೂ ಇರುವುದು ಪೆಸಿಫಿಕ್ ಕರಾವಳಿಯಲ್ಲಿ. ಉಳಿದದ್ದು ನಾವು ಮತ್ತು ಆರೆಗನ್ ಸ್ಟೇಟ್. 12 ಜನರ ಮನೆಯಲ್ಲಿ ಇಬ್ಬರು. ಹಿಸ್ಸೆ ಆದ ಮನೆಯಲ್ಲಿ ದೇವರ ಕೋಣೆಯ ದೀಪ ನೋಡಿಕೊಳ್ಳಲು ಉಳಿದವರ ಹಾಗೆ.

ಈಗ ಮಾತೆಲ್ಲ ಪ್ಲೇಆಫ್ ಮೇಲೆ, ಅಂದರೆ ಸೀಸನ್ ಕೊನೆಗೆ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪಂದ್ಯಗಳ ಮೇಲೆ. ಅದರಲ್ಲಿ 4 ತಂಡ ಇದ್ದದ್ದು 2024ರಲ್ಲಿ 12 ಆಯಿತು. ಎಸ್‌ಇಸಿ ಎಂಬ ದಕ್ಷಿಣದ ಕಾನ್ಫರೆನ್ಸ್‌ನವರು 16 ಬೇಕು ಅನ್ನುತ್ತಾರೆ, ಬಿಗ್ ಟೆನ್‌ನವರು 24 ಅನ್ನುತ್ತಾರೆ. ಒಪ್ಪಂದವಾಗದೆ 2026ಕ್ಕೂ 12ರಲ್ಲೇ ನಿಂತಿದೆ. ನನ್ನ ಮಾತು ಇಷ್ಟು: ಪ್ಲೇಆಫ್ ದೊಡ್ಡದಾಗುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಅಕ್ಕಪಕ್ಕದವರನ್ನು ಬೇರೆ ಮಾಡಿದ ಮೇಲೆ ಅದು ಎಷ್ಟು ದೊಡ್ಡದಾದರೂ ಕಳೆದುಹೋದದ್ದನ್ನು ತುಂಬಿಕೊಡುವುದಿಲ್ಲ. ಇಲ್ಲಿ ಬೇರೆ ಬೇರೆ ಊರುಗಳಲ್ಲಿರುವ ಕನ್ನಡದವರು ಏನನ್ನುತ್ತೀರಿ?

ಹೊಸಬ (ಟೆಂಪಿ, ಅರಿಜೋನಾ)

ಸಾರ್, ನಾನು ಹೋದ ಆಗಸ್ಟ್‌ನಲ್ಲಿ ಮೈಸೂರಿನಿಂದ ಬಂದವನು. ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಅನ್ನುತ್ತಾರೆ ಅನ್ನುವಷ್ಟು ಗೊತ್ತಾಗಿದೆ. ಆದರೆ ಈ ಕಾನ್ಫರೆನ್ಸ್ ಅಂದರೆ ಏನು? ನಮ್ಮಲ್ಲಿ ಅಂತರ ಕಾಲೇಜು ಪಂದ್ಯ ಅಂದರೆ ವಿಶ್ವವಿದ್ಯಾಲಯವೇ ನಡೆಸುತ್ತದೆ. ಇಲ್ಲಿ ಯಾರು ಯಾವ ಗುಂಪಿನಲ್ಲಿರಬೇಕು ಅಂತ ನಿರ್ಧರಿಸುವವರು ಯಾರು?

ಎಳ್ಳುಬೆಲ್ಲ (ಕೊಲಂಬಸ್, ಒಹಾಯೊ)

ಒಳ್ಳೇ ಪ್ರಶ್ನೆ. ಯಾರೂ ಇಲ್ಲ, ಅದೇ ಎಲ್ಲದರ ಮೂಲ.

ಎನ್‌ಸಿಎಎ ಅಂತ ದೊಡ್ಡ ಸಂಸ್ಥೆ ಇದೆ. ಬಾಸ್ಕೆಟ್‌ಬಾಲ್, ಈಜು, ಓಟ ಎಲ್ಲದರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಅದೇ ನಡೆಸುತ್ತದೆ. ಮೇಲಿನ ದರ್ಜೆಯ ಫುಟ್‌ಬಾಲ್ ಒಂದನ್ನು ಬಿಟ್ಟು. ಅದರ ಪ್ಲೇಆಫ್ ಕಾನ್ಫರೆನ್ಸ್‌ಗಳು ಮತ್ತು ಫುಟ್‌ಬಾಲ್‌ನಲ್ಲಿ ಯಾವ ಕಾನ್ಫರೆನ್ಸ್‌ಗೂ ಸೇರದ ನೋಟರ್ ಡೇಮ್ ವಿಶ್ವವಿದ್ಯಾಲಯ ಸೇರಿ ಮಾಡಿಕೊಂಡ ಬೇರೆ ವ್ಯವಸ್ಥೆ. ಕಾನ್ಫರೆನ್ಸ್ ಅಂದರೆ ಕಾಲೇಜುಗಳು ತಾವೇ ಕಟ್ಟಿಕೊಂಡ ಸಂಘ. ಮೊದಲು ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರ ಇದ್ದವರು ಕೂಡಿಕೊಳ್ಳುತ್ತಿದ್ದರು. ಟಿವಿ ದುಡ್ಡು ಈ ಸಂಘದ ಹೆಸರಿನಲ್ಲಿ ಬರುತ್ತದೆ, ಆಮೇಲೆ ಒಳಗೆ ಹಂಚಿಕೊಳ್ಳುತ್ತಾರೆ.

ಒಂದು ಕಾಲದಲ್ಲಿ ಟಿವಿಯೂ ಎನ್‌ಸಿಎಎ ಕೈಯಲ್ಲೇ ಇತ್ತು. ಒಂದು ತಂಡ ಎರಡು ವರ್ಷದಲ್ಲಿ ಆರು ಸಲಕ್ಕಿಂತ ಜಾಸ್ತಿ ಟಿವಿಯಲ್ಲಿ ಬರುವ ಹಾಗಿರಲಿಲ್ಲ. ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. 1984ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಆ ತೀರ್ಪನ್ನು ಒಪ್ಪದ ಇಬ್ಬರಲ್ಲಿ ಒಬ್ಬರು ಬೈರನ್ ವೈಟ್. ಅವರು ಯೌವನದಲ್ಲಿ ಕೊಲರಾಡೊ ಪರ ಆಡಿ ದೇಶವೇ ಗುರುತಿಸಿದ್ದ ಫುಟ್‌ಬಾಲ್ ಆಟಗಾರ. ಅಂಗಳದಲ್ಲಿ ಬೆವರು ಹರಿಸಿದ ನ್ಯಾಯಮೂರ್ತಿಯೇ ಬೇಡ ಅಂದದ್ದು ನನಗೆ ಯಾವಾಗಲೂ ನೆನಪಾಗುತ್ತದೆ.

ಆಮೇಲೆ ಪ್ರತಿ ಕಾನ್ಫರೆನ್ಸೂ ತನ್ನ ಸರಕು ತಾನೇ ಮಾರಲು ಶುರು ಮಾಡಿತು. ಜಾಸ್ತಿ ಟಿವಿ ಇರುವ ಊರು ಬೇಕು, ಜಾಸ್ತಿ ಹೆಸರಿರುವ ತಂಡ ಬೇಕು. ಬಿಗ್ ಟೆನ್ 2007ರಲ್ಲಿ ಸ್ವಂತ ಚಾನೆಲ್ ತೆರೆಯಿತು. 2014ರಲ್ಲಿ ರಟ್‌ಗರ್ಸ್ ಮತ್ತು ಮೇರಿಲೆಂಡ್ ಸೇರಿಸಿಕೊಂಡದ್ದು ನ್ಯೂಯಾರ್ಕ್, ವಾಷಿಂಗ್ಟನ್ ಡಿಸಿ ಸುತ್ತಲಿನ ಕೇಬಲ್ ಮನೆಗಳಿಗಾಗಿ. 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಹೆಚ್ಚಿನ ಒಪ್ಪಂದ ಅಂತ ವರದಿಯಾಯಿತು. ಹೆಸರಿನಲ್ಲಿ ಹತ್ತು, ಈಗ ಇರುವುದು 18 ತಂಡ. ಇಂಥ ಮೊತ್ತ ಮುಂದಿಟ್ಟರೆ ಯಾವ ಕುಲಪತಿ ತಾನೇ ಬೇಡ ಅಂದಾರು?

ಸುಣ್ಣಕಲ್ಲು (ಬ್ಲೂಮಿಂಗ್‌ಟನ್, ಇಂಡಿಯಾನಾ)

ಗೋಧಿಗುಡ್ಡ ಅಣ್ಣಾ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನಾನು ಇನ್ನೊಂದು ಕಡೆಯಿಂದ ಹೇಳಲೇಬೇಕು.

ನಾನು ಈ ಊರಿಗೆ ಬಂದು 14 ವರ್ಷ. ಇದು ಬಾಸ್ಕೆಟ್‌ಬಾಲ್ ಊರು. ಫುಟ್‌ಬಾಲ್ ಸ್ಟೇಡಿಯಂನಲ್ಲಿ ಅರ್ಧ ಆಟ ಮುಗಿಯುವಷ್ಟರಲ್ಲಿ ಜನ ಎದ್ದು ಪಾರ್ಕಿಂಗ್ ಕಡೆ ಹೋಗುತ್ತಿದ್ದರು. ದೇಶದಲ್ಲೇ ಅತಿ ಹೆಚ್ಚು ಸೋತ ತಂಡಗಳ ಪಟ್ಟಿಯಲ್ಲಿ ತುದಿಯಲ್ಲಿದ್ದವರು ನಾವು. ಆಗ ಬಿಗ್ ಟೆನ್ ಪ್ರಶಸ್ತಿ ಕೊನೆಯ ಸಲ ಬಂದಿದ್ದದ್ದು 1967ರಲ್ಲಿ, ಅದೂ ಹಂಚಿಕೊಂಡು.

ಕರ್ಟ್ ಸಿಗ್ನೆಟಿ ಕೋಚ್ ಆಗಿ ಬಂದರು. 2024ರಲ್ಲಿ 11-1, ಅಂದರೆ 11 ಗೆಲುವು, ಒಂದು ಸೋಲು. ಹಳೇ ನಾಲ್ಕು ತಂಡದ ಪ್ಲೇಆಫ್ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. 12 ಇದ್ದದ್ದರಿಂದ ಡಿಸೆಂಬರ್ 20ರಂದು ನೋಟರ್ ಡೇಮ್ ಅಂಗಳದಲ್ಲಿ ಆಡಿದೆವು. 27-17ರಲ್ಲಿ ಸೋತೆವು. ಆದರೆ ಇಂಡಿಯಾನಾಕ್ಕೆ ಹೋದರೆ ಪ್ಲೇಆಫ್ ಆಡಬಹುದು ಅಂತ ಆಟಗಾರರಿಗೆ ಗೊತ್ತಾಯಿತು. ಫರ್ನಾಂಡೊ ಮೆಂಡೋಜಾ ಕ್ಯಾಲ್ ಬಿಟ್ಟು ಬಂದ. ಮುಂದಿನದು ನಿಮಗೆಲ್ಲ ಗೊತ್ತು. ರೋಸ್ ಬೌಲ್‌ನಲ್ಲಿ ಅಲಬಾಮಾ ಮೇಲೆ 38-3. ಸೆಮಿಫೈನಲ್‌ನಲ್ಲಿ ಆರೆಗನ್ ಮೇಲೆ 56-22. 2026ರ ಜನವರಿ 19ರಂದು ಮಯಾಮಿಯನ್ನು ಅವರ ಊರಿನಲ್ಲೇ 27-21ರಲ್ಲಿ ಸೋಲಿಸಿ ಚಾಂಪಿಯನ್. 16ಕ್ಕೆ 16 ಗೆಲುವು.

ಆ ರಾತ್ರಿ ನಾನು ನನ್ನ ಆರು ವರ್ಷದ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಕರ್ಕ್‌ವುಡ್ ಬೀದಿಯಲ್ಲಿ ನಿಂತಿದ್ದೆ. ಜನವರಿಯ ಕೊರೆಯುವ ಚಳಿ. ನನ್ನ ಕಿವಿ ಹಿಡಿದುಕೊಂಡೇ ಅವನು ನಿದ್ದೆ ಹೋಗಿದ್ದ. ಸುತ್ತಲೂ ಊರೆಲ್ಲ ಕೂಗುತ್ತಿತ್ತು. ಬಾಗಿಲು ತೆರೆದಿಟ್ಟದ್ದಕ್ಕೇ ಅಲ್ವಾ ನಮ್ಮಂಥವರು ಒಳಗೆ ಬಂದದ್ದು?

ಎಳ್ಳುಬೆಲ್ಲ (ಕೊಲಂಬಸ್, ಒಹಾಯೊ)

ಅಭಿನಂದನೆ, ಮನಸ್ಸಿನಿಂದ ಹೇಳುತ್ತೇನೆ. ನಿಮ್ಮವರು ಬಿಗ್ ಟೆನ್ ಫೈನಲ್‌ನಲ್ಲಿ ನಮ್ಮ ಒಹಾಯೊ ಸ್ಟೇಟ್ ತಂಡವನ್ನು 13-10ರಲ್ಲಿ ಸೋಲಿಸಿದಾಗ ಆಟ ನೋಡಿ ಗೌರವ ಬಂತು.

ಒಂದು ತಿದ್ದುಪಡಿ ಮಾತ್ರ. 2025ರಲ್ಲಿ ನೀವು ಸೋಲೇ ಇಲ್ಲದೆ ನಂಬರ್ ಒನ್ ಆಗಿದ್ದಿರಿ. ನಾಲ್ಕು ತಂಡದ ಪ್ಲೇಆಫ್ ಆಗಿದ್ದರೂ ಒಳಗೇ ಇರುತ್ತಿದ್ದಿರಿ. ಆ ವರ್ಷ ಲಾಭವಾದದ್ದು ಮಯಾಮಿಗೆ. ಅವರು ಹತ್ತನೇ ಸ್ಥಾನದಿಂದ ಹೊರಟು ಫೈನಲ್ ತನಕ ಬಂದರು, ದಾರಿಯಲ್ಲಿ ನಮ್ಮನ್ನೂ 24-14ರಲ್ಲಿ ಹೊರಗೆ ಹಾಕಿದರು.

ಈಗ ನನ್ನ ಆತಂಕ ಹೇಳುತ್ತೇನೆ. 2024ರ ನವೆಂಬರ್ 30, ಮಿಷಿಗನ್ ವಿರುದ್ಧ ಇಲ್ಲೇ ಪಂದ್ಯ. ಅವರು ಆ ವರ್ಷ ಸಾಧಾರಣ ತಂಡ. ನಾವು 13-10ರಲ್ಲಿ ಸೋತೆವು. ಮೈದಾನದ ನಡುವೆ ಅವರು ಬಾವುಟ ನೆಡಲು ಹೋದರು, ಹೊಡೆದಾಟ ಆಯಿತು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಲೇನ್ ಅವೆನ್ಯೂ ಉದ್ದಕ್ಕೂ ಮನೆಗೆ ನಡೆದು ಬರುವಾಗ ಒಬ್ಬರೂ ಮಾತಾಡುತ್ತಿರಲಿಲ್ಲ. ಸಾವಿನ ಮನೆಯಿಂದ ಬರುವ ಹಾಗೆ. ನನ್ನ ಗೆಳೆಯ ಆ ರಾತ್ರಿ ಊಟ ಮಾಡಲಿಲ್ಲ.

ಆಮೇಲೆ ಎಂಟನೇ ಸ್ಥಾನದಿಂದ ಪ್ಲೇಆಫ್‌ಗೆ ಹೋಗಿ ಟೆನೆಸೀ, ಆರೆಗನ್, ಟೆಕ್ಸಾಸ್, ನೋಟರ್ ಡೇಮ್ ನಾಲ್ವರನ್ನೂ ಸೋಲಿಸಿ ಚಾಂಪಿಯನ್ ಆದೆವು. ಖುಷಿ ಆಯಿತು, ನಿಜ. ಆದರೆ ಮೊದಲಾಗಿದ್ದರೆ ಆ ಮಿಷಿಗನ್ ಸೋಲು ಇಡೀ ವರ್ಷವನ್ನೇ ಮುಗಿಸುತ್ತಿತ್ತು. ಆ ಹೆದರಿಕೆಯೇ ಆ ಪಂದ್ಯದ ಜೀವ. 24 ತಂಡವಾದರೆ ನವೆಂಬರ್ ಕೊನೇ ಶನಿವಾರ ಎರಡೂ ತಂಡಗಳು ಆಗಲೇ ಒಳಗಿರುತ್ತವೆ. ಆಗ ಕೋಚ್ ತನ್ನ ಮುಖ್ಯ ಆಟಗಾರನನ್ನು ಗಾಯವಾಗದಿರಲಿ ಅಂತ ಕೂರಿಸಿದರೆ? ಅವತ್ತು ನನಗೆ ಈ ಆಟ ಬೇಡವಾಗುತ್ತದೆ.

ಮಲ್ಲಿಗೆಬಳ್ಳಿ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ನೀವೆಲ್ಲ ಫುಟ್‌ಬಾಲ್ ಬಗ್ಗೆ ಬರೆಯುತ್ತಿದ್ದೀರಿ. ನಾನು ತಾಯಿಯಾಗಿ ಎರಡು ಮಾತು ಬರೆಯುತ್ತೇನೆ.

ನನ್ನ ಮಗಳು ಪಶ್ಚಿಮ ಕರಾವಳಿಯ ಒಂದು ವಿಶ್ವವಿದ್ಯಾಲಯಕ್ಕೆ ಟೆನಿಸ್ ಆಡುತ್ತಾಳೆ. ಹೆಸರು ಬೇಡ. ಸೇರುವಾಗ ಹೊರಗಿನ ಪಂದ್ಯ ಅಂದರೆ ಎರಡು ಗಂಟೆ ವಿಮಾನದೊಳಗೆ ಅಂತ ನಂಬಿದ್ದೆವು. ಈಗ ಅವಳ ತಂಡ ದೇಶದ ಆ ತುದಿಗೆ ಹೋಗಿ ಬರುತ್ತದೆ. ಸುಮಾರು 4,000 ಕಿಲೋಮೀಟರ್, ಗಡಿಯಾರ ಮೂರು ಗಂಟೆ ಮುಂದೆ. ಗುರುವಾರ ಬೆಳಿಗ್ಗೆ ಹೊರಟರೆ ಸೋಮವಾರ ನಸುಕಿಗೆ ವಾಪಸ್.

ಒಮ್ಮೆ ಹಾಗೆ ಹೋದಾಗ ಅವಳಿಗೆ ಕೆಮಿಸ್ಟ್ರಿ ಪರೀಕ್ಷೆ ಇತ್ತು. ಹೋಟೆಲ್ ಲಾಬಿಯಲ್ಲಿ, ತಿಂಡಿ ಮೇಜಿನ ಪಕ್ಕ ಕುಳಿತು ಬರೆದಳು. ವಾಫಲ್ ಯಂತ್ರ ಪ್ರತಿ ಎರಡು ನಿಮಿಷಕ್ಕೆ ಕೀಂ ಅನ್ನುತ್ತಿತ್ತಂತೆ. ಬರೆದು ಮುಗಿಸಿ ಒಂದು ಗಂಟೆಗೆ ಆಡಲು ಇಳಿದಳು. ರಾತ್ರಿ ಫೋನ್ ಮಾಡಿ, "ಅಮ್ಮಾ, ಯಾವ ಊರಲ್ಲಿ ಇದ್ದೀನಿ ಅಂತ ಎದ್ದ ತಕ್ಷಣ ಗೊತ್ತಾಗಲ್ಲ" ಅಂದಳು. ಪಂದ್ಯ ನೋಡಲು ಬಂದಿದ್ದವರನ್ನು ಒಂದು ಕೈಯಲ್ಲಿ ಎಣಿಸಬಹುದಿತ್ತಂತೆ. ಅಪ್ಪ ಅಮ್ಮಂದಿರು ಯಾರೂ ಅಷ್ಟು ದೂರ ಹೋಗಲು ಆಗಲಿಲ್ಲ.

ಫುಟ್‌ಬಾಲ್‌ನವರು ಸೀಸನ್‌ಗೆ ಐದಾರು ಸಲ ಹೊರಗೆ ಹೋಗುತ್ತಾರೆ, ಸ್ವಂತ ಬಾಡಿಗೆ ವಿಮಾನದಲ್ಲಿ. ಉಳಿದ ಆಟದ ಮಕ್ಕಳು? ಟಿವಿ ದುಡ್ಡು ತಂದದ್ದು ಫುಟ್‌ಬಾಲ್ ಇರಬಹುದು. ಅದರ ಬೆಲೆ ಕಟ್ಟುತ್ತಿರುವುದು ಸಾಫ್ಟ್‌ಬಾಲ್, ವಾಲಿಬಾಲ್, ಟೆನಿಸ್ ಆಡುವ ಹುಡುಗಿಯರು. ಫುಟ್‌ಬಾಲ್ ಅನ್ನು ಬೇರೆ ಲೀಗ್ ಮಾಡಿ ಎಲ್ಲಿಗಾದರೂ ಕರೆದುಕೊಂಡು ಹೋಗಲಿ. ಉಳಿದ ಆಟಗಳನ್ನು ಊರ ಸುತ್ತಲಿನ ಹಳೇ ಗುಂಪಿಗೆ ವಾಪಸ್ ಕೊಡಲಿ. ಇದನ್ನು ಕೇಳುವುದು ತಪ್ಪಾ?

ಗೋಧಿಗುಡ್ಡ (ಸ್ಪೋಕೇನ್)

ಅಕ್ಕಾ, ತಪ್ಪಲ್ಲ. ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಅದೇ. ನೀವು ಬರೆದದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಮಗಳು ಚೆನ್ನಾಗಿ ಆಡಲಿ.

ಬಿಸಿಲುನಾಡು (ಡಲ್ಲಾಸ್, ಟೆಕ್ಸಾಸ್)

ಎಲ್ಲವೂ ಹಾಳಾಯಿತು ಅನ್ನುವ ಹಾಗೂ ಇಲ್ಲ ಸಾರ್. ಟೆಕ್ಸಾಸ್ ಮತ್ತು ಟೆಕ್ಸಾಸ್ ಎ ಅಂಡ್ ಎಂ 2011ರ ನಂತರ ಆಡಿರಲೇ ಇಲ್ಲ. ಎ ಅಂಡ್ ಎಂ ಎಸ್‌ಇಸಿಗೆ ಹೋಗಿದ್ದರಿಂದ 13 ವರ್ಷ ದಾಯಾದಿಗಳ ಮುಖ ನೋಡಿರಲಿಲ್ಲ. 2024ರಲ್ಲಿ ಟೆಕ್ಸಾಸ್ ಕೂಡ ಎಸ್‌ಇಸಿ ಸೇರಿದ್ದರಿಂದ ಆ ಪಂದ್ಯ ವಾಪಸ್ ಬಂತು. ನಮ್ಮ ಆಫೀಸಿನಲ್ಲಿ ಆ ವಾರ ಕೆಲಸ ಅನ್ನುವುದು ಹೆಸರಿಗಷ್ಟೇ. ಅರ್ಧ ಜನ ಕಿತ್ತಳೆ ಅಂಗಿ, ಇನ್ನರ್ಧ ಮರೂನ್. ಆದರೆ ಅದೇ ಹೊತ್ತಿಗೆ ಒಕ್ಲಹೋಮಾ ಮತ್ತು ಒಕ್ಲಹೋಮಾ ಸ್ಟೇಟ್ ನಡುವಿನ ಬೆಡ್ಲಾಮ್ ನಿಂತುಹೋಯಿತು, ಅದೂ ನಿಜ. ಒಂದು ಕೊಟ್ಟು ಒಂದು ಕಿತ್ತುಕೊಂಡರು.

ಇಲ್ಲೇ ಊರಲ್ಲಿ ಎಸ್‌ಎಂಯು ವಿಶ್ವವಿದ್ಯಾಲಯ ಇದೆ. 1987ರಲ್ಲಿ ನಿಯಮ ಮುರಿದದ್ದಕ್ಕೆ ಇಡೀ ಸೀಸನ್ ಆಡದಂತೆ ಶಿಕ್ಷೆ ತಿಂದ ತಂಡ. ಅದರಿಂದ ಏಳಲು ದಶಕಗಳೇ ಬೇಕಾದವು. ಎಸಿಸಿ ಸೇರಲು ಒಂಬತ್ತು ವರ್ಷ ಟಿವಿ ದುಡ್ಡೇ ಬೇಡ ಅಂತ ಒಪ್ಪಿ ಬಂದರು. ಸ್ಟ್ಯಾನ್‌ಫರ್ಡ್, ಕ್ಯಾಲ್ ಕೂಡ ಮೊದಲ ಏಳು ವರ್ಷ ಸುಮಾರು 30 ಶೇಕಡಾ ಪಾಲಿಗೆ ಒಪ್ಪಿದರು. ಮೊದಲ ವರ್ಷವೇ ಎಸ್‌ಎಂಯು ಪ್ಲೇಆಫ್ ಮುಟ್ಟಿತು. ಪೆನ್ ಸ್ಟೇಟ್ ಕೈಯಲ್ಲಿ 38-10 ಸೋಲು, ಆದರೂ ಅಲ್ಲಿಗೆ ಮುಟ್ಟಿತಲ್ಲ. ಹೊಸಬರೇ, ನಿಮ್ಮ ಅರಿಜೋನಾ ಸ್ಟೇಟ್ ಕೂಡ ಹಾಗೇ. 2024ರಲ್ಲಿ ಬಿಗ್ 12 ಸೇರಿದ ಮೊದಲ ವರ್ಷ 16 ತಂಡದಲ್ಲಿ ಕೊನೇ ಸ್ಥಾನ ಬರುತ್ತದೆ ಅಂತ ಅಂದಾಜು ಮಾಡಿದ್ದರು. ಚಾಂಪಿಯನ್ ಆಗಿ, ಪ್ಲೇಆಫ್‌ನಲ್ಲಿ ಟೆಕ್ಸಾಸ್ ವಿರುದ್ಧ ಎರಡು ಓವರ್‌ಟೈಮ್ ತನಕ ಎಳೆದರು.

ಹೊಸಬ (ಟೆಂಪಿ)

ಅಯ್ಯೋ, ನಾನು ದಿನಾ ಆ ಸ್ಟೇಡಿಯಂ ಪಕ್ಕದಲ್ಲೇ ಸೈಕಲ್ ನಿಲ್ಲಿಸುತ್ತೇನೆ. ಇದು ಗೊತ್ತೇ ಇರಲಿಲ್ಲ.

ಕಡಲೆಕಾಯಿ (ಟ್ಯಾಲಹಾಸಿ, ಫ್ಲಾರಿಡಾ)

ನಾಲ್ಕೇ ತಂಡ ಸಾಕು ಅನ್ನುವವರು 2023ರ ಡಿಸೆಂಬರ್ 3 ಮರೆಯಬಾರದು. ಫ್ಲಾರಿಡಾ ಸ್ಟೇಟ್ 13 ಆಡಿ 13 ಗೆದ್ದಿತ್ತು. ಎಸಿಸಿ ಚಾಂಪಿಯನ್. ಆದರೆ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿ ನಡೆಸುವ ಮುಖ್ಯ ಆಟಗಾರ, ಜೋರ್ಡನ್ ಟ್ರ್ಯಾವಿಸ್ ಕಾಲು ಮುರಿದಿತ್ತು. 13 ಜನರ ಸಮಿತಿ ಕುಳಿತು ಒಂದು ಸೋಲಿದ್ದ ಅಲಬಾಮಾಕ್ಕೆ ಜಾಗ ಕೊಟ್ಟಿತು. ಟಿವಿಯಲ್ಲಿ ಹೆಸರು ಬರುವಾಗ ನಾವು 20 ಜನ ಒಂದೇ ಕೋಣೆಯಲ್ಲಿದ್ದೆವು. ಯಾರೋ ಟಿವಿ ಆಫ್ ಮಾಡಿದರು. ಐದು ನಿಮಿಷ ಯಾರೂ ಏಳಲಿಲ್ಲ. ಎಲ್ಲ ಪಂದ್ಯ ಗೆದ್ದ ಹುಡುಗರಿಗೆ "ನೀವು ಸಾಲದು" ಅಂದರೆ ಇನ್ನೇನು ಮಾಡಬೇಕಿತ್ತು ಅವರು? ನನಗೆ 12 ಬೇಕು, 16 ಆದರೂ ಸರಿ. ಗೆದ್ದವನಿಗೆ ಆಡುವ ಹಕ್ಕಿರಬೇಕು.

ಬೆಣ್ಣೆದೋಸೆ (ದಾವಣಗೆರೆ)

ನಾನು ಊರಲ್ಲೇ ಇರುವವನು. ರಾತ್ರಿ ಪಾಳಿಯಲ್ಲಿ ಕೆಲಸ, ಅದಕ್ಕೆ ಈ ಪಂದ್ಯಗಳು ಸರಿಯಾಗಿ ಸಿಗುತ್ತವೆ. ರಣಜಿ ನೋಡಿ ಬೆಳೆದವನಾದ್ದರಿಂದ ನನಗೆ ಅದೇ ಹೋಲಿಕೆ ಹೊಳೆಯುತ್ತದೆ.

2018-19ರಲ್ಲಿ ಈಶಾನ್ಯ ರಾಜ್ಯಗಳು, ಬಿಹಾರ, ಉತ್ತರಾಖಂಡ, ಪುದುಚೇರಿ ಎಲ್ಲ ರಣಜಿಗೆ ಬಂದಾಗ ಅವರಿಗೆ ಪ್ಲೇಟ್ ಗುಂಪು ಮಾಡಿದರು. ಆದರೆ ಪ್ಲೇಟ್‌ನಲ್ಲಿ ಮೊದಲು ಬಂದವರಿಗೆ ಕ್ವಾರ್ಟರ್‌ಫೈನಲ್‌ನಲ್ಲಿ ಒಂದು ಜಾಗ ಇಟ್ಟರು. ಉತ್ತರಾಖಂಡ ಬಂತು, ವಿದರ್ಭ ವಿರುದ್ಧ ಇನಿಂಗ್ಸ್ ಸೋಲು. "ಇವರನ್ನು ಯಾಕೆ ಕರೆದರು, ಒಳ್ಳೇ ತಂಡಕ್ಕೆ ಜಾಗ ಹೋಯಿತು" ಅಂತ ಆಗಲೂ ಮಾತು ಕೇಳಿದ್ದೆ. ಈಗ 2025ರ ಪ್ಲೇಆಫ್‌ನಲ್ಲಿ ಸಣ್ಣ ಕಾನ್ಫರೆನ್ಸ್‌ಗಳಿಂದ ಬಂದ ಟುಲೇನ್ 41-10, ಜೇಮ್ಸ್ ಮ್ಯಾಡಿಸನ್ 51-34 ಸೋತಾಗ, 10-2 ಇದ್ದ ನೋಟರ್ ಡೇಮ್ ಹೊರಗುಳಿದಾಗ, ಅಕ್ಷರಶಃ ಅದೇ ಮಾತು.

ನನ್ನ ಮಟ್ಟಿಗೆ ಆ ಜಾಗ ಇರಲೇಬೇಕು. ಸಣ್ಣವನಿಗೆ ಸೋಲುವ ಅವಕಾಶವೂ ಬೇಕು, ಅದಿಲ್ಲದೆ ಗೆಲ್ಲುವುದನ್ನು ಕಲಿಯುವುದು ಹೇಗೆ? ಸಿಗ್ನೆಟಿ ಇಂಡಿಯಾನಾಕ್ಕೆ ಬಂದದ್ದೇ ಜೇಮ್ಸ್ ಮ್ಯಾಡಿಸನ್‌ನಿಂದ ಅಲ್ವಾ?

ವ್ಯತ್ಯಾಸ ಒಂದೇ. ನಮ್ಮಲ್ಲಿ ಬಿಸಿಸಿಐ ಎಂಬ ಒಂದು ಮಂಡಳಿ ಹೇಳಿದರೆ ಆಯಿತು, ಕರ್ನಾಟಕ ರಾಜ್ಯ ಸಂಘ ತಾನಾಗಿ ಗುಂಪು ಬಿಟ್ಟು ಮುಂಬೈ ಜೊತೆ ಬೇರೆ ಸಂಘ ಕಟ್ಟಿ ಟಿವಿ ಹಕ್ಕು ಮಾರುವ ಹಾಗಿಲ್ಲ. ಅಲ್ಲಿ ಅಂಥ ಯಜಮಾನ ಇಲ್ಲ. ಯಜಮಾನನಿಲ್ಲದ ಮನೆಯಲ್ಲಿ ದುಡಿಯುವ ಮಗ ಹೇಳಿದ್ದೇ ನಡೆಯುತ್ತದೆ.

ಎಳ್ಳುಬೆಲ್ಲ (ಕೊಲಂಬಸ್)

ಆ ದುಡಿಯುವ ಮಕ್ಕಳು ಯಾರು ಅಂತ ಲೆಕ್ಕ ನೋಡಿ. ಇಎಸ್‌ಪಿಎನ್ 2026ರಿಂದ ಆರು ವರ್ಷಕ್ಕೆ ಪ್ಲೇಆಫ್‌ಗೆ ಕೊಡುವುದು 780 ಕೋಟಿ ಡಾಲರ್. ಅದರಲ್ಲಿ ಬಿಗ್ ಟೆನ್ ಮತ್ತು ಎಸ್‌ಇಸಿಗೆ ತಲಾ ಸುಮಾರು 29 ಶೇಕಡಾ. ಎಸಿಸಿಗೆ 17, ಬಿಗ್ 12ಕ್ಕೆ 15. ಉಳಿದ ಎಲ್ಲ ಸಣ್ಣ ಕಾನ್ಫರೆನ್ಸ್‌ಗಳು ಮಿಕ್ಕದ್ದನ್ನು ಹಂಚಿಕೊಳ್ಳಬೇಕು. ಪ್ಲೇಆಫ್ ಹೇಗಿರಬೇಕು ಅನ್ನುವ ಅಧಿಕಾರವೂ 2026ರಿಂದ ಬಹುಪಾಲು ಆ ಇಬ್ಬರ ಕೈಯಲ್ಲೇ.

ಬಿಗ್ ಟೆನ್ ಮೊದಲು ತಂದ 16 ತಂಡದ ಪ್ರಸ್ತಾಪ ನೆನಪಿದೆಯಾ? ಆಟ ಶುರುವಾಗುವ ಮೊದಲೇ ತಮಗೆ ನಾಲ್ಕು ಜಾಗ, ಎಸ್‌ಇಸಿಗೆ ನಾಲ್ಕು, ಎಸಿಸಿಗೆ ಎರಡು, ಬಿಗ್ 12ಕ್ಕೆ ಎರಡು, ಸಣ್ಣವರಿಗೆಲ್ಲ ಸೇರಿ ಒಂದು. ನಾನು ಬಿಗ್ ಟೆನ್ ತಂಡದ ಅಭಿಮಾನಿ. ನನಗೆ ಲಾಭವೇ. ಆದರೂ ಅದು ನನಗೆ ಹಿಡಿಸಲಿಲ್ಲ. ಗೆಲ್ಲುವ ಮೊದಲೇ ಎಲೆ ಹಾಕಿಸಿಕೊಂಡು ಕೂತರೆ ಅದು ಸ್ಪರ್ಧೆ ಹೇಗಾಗುತ್ತದೆ? ಅದಕ್ಕಿಂತ ಎಸ್‌ಇಸಿ ಒಪ್ಪಿದ ಐದು ಕಾನ್ಫರೆನ್ಸ್ ಚಾಂಪಿಯನ್ ಮತ್ತು ಸಮಿತಿ ಆರಿಸುವ 11 ತಂಡ ಅನ್ನುವ ಕ್ರಮ ಎಷ್ಟೋ ವಾಸಿ.

ಇನ್ನೊಂದು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ, ಹೌಸ್ ಎಂಬ ಮೊಕದ್ದಮೆಯ ರಾಜಿ ಪ್ರಕಾರ ಕಾಲೇಜುಗಳು ಈಗ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಇಷ್ಟು ವರ್ಷ ದುಡಿದ ಹುಡುಗರಿಗೆ ಕೂಲಿ ಸಿಕ್ಕಿದ್ದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದುಡ್ಡು ತರಲು ಇನ್ನಷ್ಟು ಪಂದ್ಯ, ಇನ್ನಷ್ಟು ಪ್ಲೇಆಫ್ ಬೇಕು ಅನ್ನುವ ಒತ್ತಡ ಬರುತ್ತದೆ. 24ರ ಮಾತು ಹುಟ್ಟುವುದು ಅಲ್ಲಿಂದ.

ಸುಣ್ಣಕಲ್ಲು (ಬ್ಲೂಮಿಂಗ್‌ಟನ್)

ನಾಲ್ಕು ಜಾಗ ಮೊದಲೇ ಕಾಯ್ದಿರಿಸುವುದನ್ನು ನಾನೂ ಒಪ್ಪುವುದಿಲ್ಲ. ನಾವು ಬಂದದ್ದು ಗೆದ್ದು. ಆದರೆ ಗೋಧಿಗುಡ್ಡ ಅಣ್ಣಾ, ಒಂದು ಪ್ರಶ್ನೆ ಉಳಿದಿದೆ. ನೀವು ಪಕ್ಕದೂರು ಪಕ್ಕದೂರು ಅನ್ನುತ್ತೀರಿ. ದೊಡ್ಡ ಪ್ಲೇಆಫ್ ಮತ್ತು ಪಕ್ಕದೂರಿನ ಜಿದ್ದು ಎರಡೂ ಒಟ್ಟಿಗೆ ಬದುಕಿರುವ ಜಾಗ ಎಲ್ಲಾದರೂ ಇದೆಯಾ?

ಗೋಧಿಗುಡ್ಡ (ಸ್ಪೋಕೇನ್)

ಇದೆ. ನನ್ನ ಮನೆಯಿಂದ ಪೂರ್ವಕ್ಕೆ ಮೂರು ಗಂಟೆ ಕಾರು ಓಡಿಸಿದರೆ ಸಿಗುತ್ತದೆ.

ಮೇಲಿನ ದರ್ಜೆಯ ಕೆಳಗೆ ಎಫ್‌ಸಿಎಸ್ ಅಂತ ಇನ್ನೊಂದು ದರ್ಜೆ ಇದೆಯಲ್ಲ, ಅದನ್ನು ಎನ್‌ಸಿಎಎ ನಡೆಸುತ್ತದೆ. ಅಲ್ಲಿ 2013ರಿಂದಲೇ 24 ತಂಡಗಳ ಪ್ಲೇಆಫ್ ಇದೆ. ಮೊಂಟಾನಾ ಇರುವುದು ಮಿಸೂಲಾದಲ್ಲಿ, ಮೊಂಟಾನಾ ಸ್ಟೇಟ್ ಇರುವುದು ಬೋಜ್‌ಮನ್‌ನಲ್ಲಿ. 1897ರಿಂದ ಆಡುತ್ತಿದ್ದಾರೆ. ಎರಡೂ ಬಿಗ್ ಸ್ಕೈ ಕಾನ್ಫರೆನ್ಸ್‌ನಲ್ಲೇ ಇವೆ. 2025ರ ನವೆಂಬರ್‌ನಲ್ಲಿ ಮಿಸೂಲಾದಲ್ಲಿ ಆಡಿದರು. ನಾಲ್ಕೇ ವಾರಕ್ಕೆ ಸೆಮಿಫೈನಲ್‌ನಲ್ಲಿ ಬೋಜ್‌ಮನ್‌ನಲ್ಲಿ ಮತ್ತೆ ಎದುರಾದರು. ಎರಡು ಸಲವೂ ಮೊಂಟಾನಾ ಸ್ಟೇಟ್ ಗೆದ್ದಿತು, ಮುಂದೆ ಚಾಂಪಿಯನ್ ಕೂಡ ಆಯಿತು. ನಾನು ನವೆಂಬರ್ ಪಂದ್ಯಕ್ಕೆ ಹೋಗಿದ್ದೆ. ಪೆಟ್ರೋಲ್ ಬಂಕಿನ ಹುಡುಗಿ ನನ್ನ ಅಂಗಿಯ ಬಣ್ಣ ನೋಡಿ, "ನೀನು ಯಾರ ಕಡೆ?" ಅಂತ ಕೇಳಿದ ಮೇಲೇ ಕಾಫಿಗೆ ದುಡ್ಡು ತೆಗೆದುಕೊಂಡಳು.

ಅದಕ್ಕೇ ಹೇಳುತ್ತೇನೆ, ಎಳ್ಳುಬೆಲ್ಲ ಅವರೇ, 24 ಅನ್ನುವ ಸಂಖ್ಯೆಗೆ ಹೆದರಬೇಡಿ. ಅಲ್ಲಿ 24 ಇದ್ದೂ ನವೆಂಬರ್ ಪಂದ್ಯಕ್ಕೆ ಬೆಲೆ ಕಡಿಮೆಯಾಗಿಲ್ಲ. ಯಾಕೆಂದರೆ ಎದುರಿಗಿರುವವನು ನಮ್ಮ ಬೀಗರ ಮನೆಯವನು, ನಮ್ಮ ಆಫೀಸಿನವನು. ಸೋತರೆ ವರ್ಷವಿಡೀ ಅವನ ಮುಖ ನೋಡಬೇಕು. ನಿಮ್ಮ ಮಿಷಿಗನ್ ಪಂದ್ಯವೂ ಅದೇ ಕಾರಣಕ್ಕೆ ಉಳಿಯುತ್ತದೆ. ಹಾಗೆ ಉಳಿಯದೇ ಇರುವುದು ವಾಷಿಂಗ್ಟನ್ ತಂಡ ರಟ್‌ಗರ್ಸ್‌ಗೆ ಹೋಗಿ ಆಡುವ ಪಂದ್ಯ. ಅದರಲ್ಲಿ ಗೆದ್ದರೆ ಯಾರನ್ನು ರೇಗಿಸುವುದು?

ಕೋರ್ಟಿನ ವಿಷಯ ಯಾರೂ ಬರೆಯಲಿಲ್ಲ. ಹತ್ತು ತಂಡ ಹೊರಟರೂ ಕಾನ್ಫರೆನ್ಸ್ ಮಂಡಳಿಯಲ್ಲಿ ಮತ ತಮಗೂ ಬೇಕು ಅಂದವು. ನಾವು ಮತ್ತು ಆರೆಗನ್ ಸ್ಟೇಟ್ ಕೇಸು ಹಾಕಿದೆವು. ಕೇಸು ನಡೆದದ್ದು ಕೋಲ್‌ಫ್ಯಾಕ್ಸ್‌ನಲ್ಲಿ, ಪುಲ್ಮನ್‌ನಿಂದ 25 ಕಿಲೋಮೀಟರ್ ದೂರದ ಪುಟ್ಟ ಊರು, ಸುತ್ತ ಗೋಧಿ ಹೊಲ. 2023ರ ನವೆಂಬರ್‌ನಲ್ಲಿ ಅಲ್ಲಿನ ನ್ಯಾಯಾಧೀಶರು ಅಧಿಕಾರ ಉಳಿದ ಇಬ್ಬರಿಗೇ ಅಂದರು. ಅದೊಂದು ದಿನ ನಮ್ಮವರಿಗೆಲ್ಲ ಹಬ್ಬ. ಆ ಹೆಸರು, ಆ ದುಡ್ಡು ಕೈಯಲ್ಲಿದ್ದದ್ದರಿಂದಲೇ ಈಗ ಮನೆ ಮತ್ತೆ ಕಟ್ಟಲು ಆಗಿರುವುದು. 2026ರ ಜುಲೈ 1ರಿಂದ ಬಾಯ್ಸಿ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಯೂಟಾ ಸ್ಟೇಟ್, ಟೆಕ್ಸಾಸ್ ಸ್ಟೇಟ್ ಸೇರುತ್ತವೆ. ಫುಟ್‌ಬಾಲ್ ಆಡದ ನಮ್ಮ ಸ್ಪೋಕೇನ್‌ನ ಗೊನ್ಜಾಗಾ ಕೂಡ. ಟೆಕ್ಸಾಸ್ ಒಂದು ದೂರ, ಒಪ್ಪುತ್ತೇನೆ. ಉಳಿದವರೆಲ್ಲ ನಮ್ಮ ಕಡೆಯವರೇ.

ಬಿಸಿಲುನಾಡು (ಡಲ್ಲಾಸ್)

ಆ್ಯಪಲ್ ಕಪ್ ಕಥೆ ಏನಾಯಿತು ಹಾಗಾದರೆ? ನಿಂತೇಹೋಯಿತಾ?

ಗೋಧಿಗುಡ್ಡ (ಸ್ಪೋಕೇನ್)

ನಿಂತಿಲ್ಲ. 2028ರ ತನಕ ಆಡುವ ಒಪ್ಪಂದ ಮಾಡಿಕೊಂಡಿದ್ದಾರೆ. ಆದರೆ ನವೆಂಬರ್ ಚಳಿಯ ಪಂದ್ಯ ಸೆಪ್ಟೆಂಬರ್ ಬಿಸಿಲಿಗೆ ಬಂದಿದೆ. 2024ರಲ್ಲಿ ಸಿಯಾಟಲ್‌ನ ಲುಮೆನ್ ಫೀಲ್ಡ್‌ನಲ್ಲಿ 24-19ರಲ್ಲಿ ನಾವು ಗೆದ್ದೆವು. ನಮ್ಮನ್ನು ಬಿಟ್ಟು ಹೋದವರನ್ನು ಅವರ ಊರಿನಲ್ಲೇ ಗೆದ್ದ ಆ ರಾತ್ರಿ 460 ಕಿಲೋಮೀಟರ್ ವಾಪಸ್ ಕಾರು ಓಡಿಸಿದ್ದು ದಣಿವೇ ಅನಿಸಲಿಲ್ಲ. ಮರುವರ್ಷ ಪುಲ್ಮನ್‌ನಲ್ಲಿ 59-24ರಲ್ಲಿ ಸೋತೆವು. ಅವರ ಹತ್ತಿರ ಈಗ ಬಿಗ್ ಟೆನ್ ದುಡ್ಡಿದೆ, ನಮ್ಮ ಹತ್ತಿರ ಇಲ್ಲ. ಆ ಅಂತರ ಮೈದಾನದಲ್ಲಿ ಕಾಣುತ್ತಿತ್ತು. ಅದು ವರ್ಷ ವರ್ಷ ಹೆಚ್ಚಾಗುತ್ತದೆ ಅನ್ನುವುದೇ ನನ್ನ ದೊಡ್ಡ ಭಯ.

ಮಲ್ಲಿಗೆಬಳ್ಳಿ (ಫ್ರೀಮಾಂಟ್)

2008ರಲ್ಲಿ ನಿಮ್ಮನ್ನು ತಬ್ಬಿಕೊಂಡ ಆ ಅಜ್ಜ ಮತ್ತೆ ಸಿಕ್ಕಿದರಾ?

ಗೋಧಿಗುಡ್ಡ (ಸ್ಪೋಕೇನ್)

ಸಿಕ್ಕಿದರು ಅಕ್ಕಾ. ಮರುವರ್ಷದಿಂದ ಅದೇ ಜಾಗದಲ್ಲಿ ನಿಲ್ಲುತ್ತಿದ್ದೆವು. ನಾನು ಚಕ್ಕುಲಿ ತರುತ್ತಿದ್ದೆ, ಅವರು ಕೂಗರ್ ಗೋಲ್ಡ್ ತರುತ್ತಿದ್ದರು. ಅದು ವಿಶ್ವವಿದ್ಯಾಲಯದ ಡೈರಿಯಲ್ಲೇ ಮಾಡುವ, ಡಬ್ಬಿಯಲ್ಲಿ ಬರುವ ಚೀಸ್. ಜೇಬಿನ ಚಾಕುವಿನಲ್ಲಿ ಕತ್ತರಿಸಿ ಚಕ್ಕುಲಿ ಮೇಲಿಟ್ಟು ತಿನ್ನುತ್ತಿದ್ದರು. 2023ರ ಆಗಸ್ಟ್ 4ರ ಸಂಜೆ ಅವರಿಗೆ ಫೋನ್ ಮಾಡಿದ್ದೆ. ಕಟಾವಿನ ಸಮಯ. ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು. ಬಹಳ ಹೊತ್ತು ಸುಮ್ಮನಿದ್ದು, "ಸೀಟು ಬಿಡಬೇಡ, ನಾನೂ ಬಿಡಲ್ಲ" ಅಂದರು.

ಈ ವರ್ಷದ ಟಿಕೆಟ್ ದುಡ್ಡು ಇಬ್ಬರೂ ಕಟ್ಟಿದ್ದೇವೆ. ಯಾರಾದರೂ ಈ ಕಡೆ ಬರುವುದಿದ್ದರೆ ತಿಳಿಸಿ, ನಮ್ಮ ಪಕ್ಕದಲ್ಲಿ ಎರಡು ಸೀಟು ಖಾಲಿ ಇವೆ. ಹೊಸಬರೇ, ನೀವೂ ಬನ್ನಿ. ದಪ್ಪ ಜಾಕೆಟ್ ಮಾತ್ರ ಮರೆಯಬೇಡಿ.